ಸಂಪುಟದ ಬಾಗಿಲ ಬಳಿಯ ಕುರ್ಚಿ

ದಿನಾಂಕ: ಇದೇ ತಿಂಗಳ ಮೊದಲ ಮಂಗಳವಾರ. ಆಕರ: ಬ್ರಿಟನ್ನಿನಲ್ಲಿ ಹಿಂದೊಮ್ಮೆ ಮಂತ್ರಿಮಂಡಲದ ಪುನರ್ರಚನೆಯಾದಾಗ ಅಲ್ಲಿನ ಸರ್ಕಾರ ಹೊರಡಿಸಿದ ಅಧಿಕೃತ ಪ್ರಕಟಣೆ, ಕೊನೆಯ ಪುಟದ ಕೊನೆಯ ಸಾಲು.

ಆ ಸಾಲನ್ನು ನಾನು ಓದದೆ ಬಿಟ್ಟಿದ್ದರೆ ಕುವೈತಿನಲ್ಲಿ ಒಂದು ಚುನಾವಣೆ ಇಷ್ಟು ರಂಗೇರುತ್ತಿರಲಿಲ್ಲ.

(ಗಾಬರಿ ಬೇಡ. ದೇಶದ ಚುನಾವಣೆಯಲ್ಲ, ನಮ್ಮ ಕರಾವಳಿಯವರ ಬಳಗದ ಅಧ್ಯಕ್ಷಗಿರಿಯ ಚುನಾವಣೆ. ದೇಶದ ಚುನಾವಣೆಯಲ್ಲಿ ಸೋತವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಬಳಗದ ಚುನಾವಣೆಯಲ್ಲಿ ಸೋತವರು ಗೆದ್ದವರ ಕಾರಿನಲ್ಲೇ ಮನೆಗೆ ಹೋಗಬೇಕು. ಯಾವುದು ಕಠಿಣ, ನೀವೇ ಹೇಳಿ.)

ಈ ಅಂಕಣದ ಓದುಗರಿಗೆ ನನ್ನ ಕಾಯಿಲೆ ಗೊತ್ತೇ ಇದೆ. ದಾಖಲೆಗಳ ನಡುವೆ ಆಯುಷ್ಯ ಕಳೆದು ನಿವೃತ್ತಳಾದವಳು ನಾನು. ಈಗ ಕುವೈತಿನ ಸಾಲ್ಮಿಯಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯನ ಪಾಸ್‌ಪೋರ್ಟಿನಲ್ಲಿರುವ ಜನ್ಮದಿನಾಂಕವನ್ನು ಅವನ ತಾಯಿಯ ನೆನಪಿನೊಂದಿಗೆ ತಾಳೆ ನೋಡಿ, ಎರಡೂ ಹೊಂದುವುದಿಲ್ಲವೆಂದು ಅವನ ಹುಟ್ಟುಹಬ್ಬದಂದೇ, ಕೇಕ್ ಕತ್ತರಿಸುವ ಮುನ್ನ ಪ್ರಕಟಿಸಿದೆ. ಅಂದಿನಿಂದ ಮನೆಯೊಳಗೆ ನನ್ನ ಸಂಶೋಧನೆಗೆ ಅವಕಾಶ ಕಡಿಮೆಯಾಗಿದೆ. ಆದ್ದರಿಂದ ಜಯಕರ ಬಂದು, ‘ಮೇಡಂ, ನಮ್ಮ ವಾರ್ಷಿಕೋತ್ಸವದ ಮುಖ್ಯ ಅತಿಥಿಗೆ ಒಂದು ಸನ್ಮಾನಪತ್ರ ಬರೆದು ಕೊಡ್ಬೇಕಿತ್ತಲ್ಲ’ ಎಂದಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದು ಕಷ್ಟವಾಯಿತು.

ಜಯಕರ ಜಾಬ್ರಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಆಡಳಿತದ ಕೆಲಸ ನೋಡಿಕೊಳ್ಳುತ್ತಾನೆ. ಬಳಗದಲ್ಲಿ ಅವನು ಹೊರದ ಹೊಣೆಯಿಲ್ಲ. ಕ್ರೀಡಾ ಕಾರ್ಯದರ್ಶಿಯಾಗಿ ಹಗ್ಗಜಗ್ಗಾಟದ ಹಗ್ಗ ಹೊತ್ತಿದ್ದಾನೆ. ಜೊತೆ ಕಾರ್ಯದರ್ಶಿಯಾಗಿ ಕುರ್ಚಿ ಹೊತ್ತಿದ್ದಾನೆ. ಈಗ ಕಾರ್ಯದರ್ಶಿಯಾಗಿ ಎಲ್ಲರ ಮಾತನ್ನೂ ಹೊರುತ್ತಿದ್ದಾನೆ. ಅಧ್ಯಕ್ಷನಾಗುವುದೊಂದೇ ಬಾಕಿ. ಮುಂದಿನ ವರ್ಷ ಕ್ಲಿನಿಕ್ಕಿನ ಕೆಲಸ ಮುಗಿಸಿ ಊರಿಗೆ ಹೊರಟುಬಿಡುವವನಾದ್ದರಿಂದ ಇದೇ ಕೊನೆಯ ಅವಕಾಶ. ಅವನ ಹೆಂಡತಿ ವಿನೋದಾ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾಳಂತೆ: ‘ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಸಂಘ ಸಂಘ ಅಂತ ಓಡಿದ್ರಿ. ಈ ಸಲ ಆಗದಿದ್ರೆ ಊರಲ್ಲಿ ಸಂಘದ ಸುದ್ದಿ ಎತ್ಲಿಕ್ಕಿಲ್ಲ.’

ಎದುರಾಳಿ ಉಮೇಶ. ಹೋಟೆಲ್ ನಡೆಸುವವನು. ಕಳೆದ ವರ್ಷದ ವಾರ್ಷಿಕೋತ್ಸವಕ್ಕೆ ಒಬ್ಬ ಸಿನಿಮಾ ನಟನನ್ನು ಕರೆಸಿ ಜನಪ್ರಿಯನಾದವನು.

ನಟನಿಗಿಂತ ಮೇಲೆ ಯಾರಿದ್ದಾರೆ? ಜಯಕರ ತಲೆ ಕೆಡಿಸಿಕೊಂಡಿದ್ದ. ಅಷ್ಟರಲ್ಲಿ ಅವನ ಕ್ಲಿನಿಕ್ಕಿನ ಮಾಲೀಕರು ಹೊಸ ಕಟ್ಟಡದ ಉದ್ಘಾಟನೆಗೆ ಬ್ರಿಟನ್ನಿನ ಮಾಜಿ ಸಚಿವರೊಬ್ಬರನ್ನು ಕರೆಸಿದರು. ಅವರ ಹೋಟೆಲು, ಕಾರು, ಊಟದ ವ್ಯವಸ್ಥೆಯೆಲ್ಲ ಜಯಕರನದು. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ, ‘ಸರ್, ಒನ್ ಸ್ಮಾಲ್ ಫಂಕ್ಷನ್’ ಎಂದು ಕೇಳಿಬಿಟ್ಟ. ಶುಕ್ರವಾರ ಸಂಜೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಒಪ್ಪಿದರು. ಅವರು ಒಪ್ಪಿದ ಸುದ್ದಿ ಕಾರು ಹೋಟೆಲು ತಲುಪುವ ಮೊದಲೇ ಬಳಗದ ವಾಟ್ಸ್ಆಪ್ ಗುಂಪಿನಲ್ಲಿತ್ತು: ‘ಈ ಬಾರಿ ಬ್ರಿಟನ್ನಿನ ಕ್ಯಾಬಿನೆಟ್ ಮಂತ್ರಿ!’

(ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ‘ಸರ್’ ಎಂದು ಕರೆಯೋಣ. ಅದು ಅವರಿಗೆ ಅರಮನೆ ದಯಪಾಲಿಸಿದ ಬಿರುದು. ನಮ್ಮ ಜಯಕರ ಅದನ್ನು ಲಿಫ್ಟ್ ರಿಪೇರಿಯವನಿಗೂ ದಯಪಾಲಿಸುತ್ತಾನೆ.)

ಜಯಕರ ನನ್ನ ಕೈಗೆ ಒಂದು ಹಳೆಯ ಸನ್ಮಾನಪತ್ರವನ್ನು ಕೊಟ್ಟ. ‘ಇದೇ ಮೇಡಂ ನಮ್ಮ ಮಾದರಿ. ಹೆಸರು ಮಾತ್ರ ಚೇಂಜ್ ಮಾಡಿದ್ರೆ ಸಾಕು.’

ಗಲ್ಫಿನಲ್ಲಿ ಸನ್ಮಾನಪತ್ರ ಕೇಳಿದವರಿಗೆ ಆ ಮಾದರಿ ಬಾಯಿಪಾಠ. ‘ಬಡ ಕೃಷಿಕ ಕುಟುಂಬದಲ್ಲಿ ಜನಿಸಿ, ಬರಿಗಾಲಿನಲ್ಲಿ ಶಾಲೆಗೆ ನಡೆದು, ಬರಿಗೈಯಲ್ಲಿ ಕಡಲು ದಾಟಿ, ಸ್ವಂತ ಪರಿಶ್ರಮದಿಂದ ಮೇಲೆ ಬಂದ ಕೊಡುಗೈ ದಾನಿ, ಕಲಾಪೋಷಕ, ಅಜಾತಶತ್ರು.’ ಇದನ್ನು ಓದುವಾಗ ಅತಿಥಿಯ ಕಣ್ಣು ಒದ್ದೆಯಾಗಬೇಕು. ಆಗದಿದ್ದರೆ ಅವರು ಅಹಂಕಾರಿ ಎಂದು ಊಟದ ಹೊತ್ತಿಗೆ ತೀರ್ಮಾನವಾಗುತ್ತದೆ.

ನಾನು ಒಂದೊಂದೇ ವಿಶೇಷಣವನ್ನು ಪರಿಶೀಲನೆಗೆ ಎತ್ತಿಕೊಂಡೆ. ಬಡ ಕೃಷಿಕ ಕುಟುಂಬ: ತಂದೆ ದಂತವೈದ್ಯರು. ಬರಿಗಾಲಿನಲ್ಲಿ ಶಾಲೆ: ಶಾಲೆಯಲ್ಲಿ ಕುದುರೆ ಸವಾರಿ ಕಲಿಸುತ್ತಿದ್ದರು. (ಬರಿಗಾಲಿನ ಮಾತು ಬಿಡಿ, ಕುದುರೆಗೂ ಲಾಳವಿತ್ತು.) ಬರಿಗೈಯಲ್ಲಿ ಕಡಲು ದಾಟಿದ್ದು: ಫ್ರಾನ್ಸಿಗೆ, ರಜೆಗೆ. ಅಜಾತಶತ್ರು: ಸ್ವಂತ ಪಕ್ಷದವರೇ ಆಡಿದ ಮಾತುಗಳನ್ನು ಓದಿದ ಮೇಲೆ ಈ ಪದವನ್ನು ನಾನು ಮೆಲ್ಲನೆ ಹೊಡೆದುಹಾಕಿದೆ.

ಉಳಿದದ್ದು ರಾಜಕೀಯ ಜೀವನ. ಅದಾದರೂ ಘನವಾಗಿರಬಹುದೆಂದು ಹುಡುಕಿದೆ. ಮೊದಲೆರಡು ಚುನಾವಣೆಗಳಲ್ಲಿ ಸೋಲು, ಮೂರನೆಯದರಲ್ಲಿ ಗೆಲುವು. ಬಳಿಕ ಮೀನುಗಾರಿಕೆಯ ಕಿರಿಯ ಸಚಿವ. ಅಲ್ಲಿಂದ ರಸ್ತೆಗಳಿಗೆ. ರಸ್ತೆಗಳಿಂದ ಜೈಲುಗಳಿಗೆ. (ಮಂತ್ರಿಯಾಗಿ.) ಜೈಲಿನಿಂದ ಸಂಸ್ಕೃತಿ ಇಲಾಖೆಗೆ. ಅಲ್ಲಿ ಕುರ್ಚಿ ಬೆಚ್ಚಗಾಗುವ ಮೊದಲೇ ‘ಸಮನ್ವಯ’ ಎಂಬ ಖಾತೆಗೆ. ಏನನ್ನು ಯಾವುದರೊಡನೆ ಸಮನ್ವಯಗೊಳಿಸಬೇಕಿತ್ತೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಮಂತ್ರಿಗಳನ್ನು ಇಲಾಖೆಯಿಂದ ಇಲಾಖೆಗೆ ಕಳಿಸುವ ವೇಗ ನೋಡಿದರೆ ನಮ್ಮ ತಹಶೀಲ್ದಾರರ ವರ್ಗಾವಣೆ ಆಮೆಯ ನಡಿಗೆ.

ಈ ‘ಸಮನ್ವಯ’ದ ಕಾಲವೇ ಅವರ ‘ಕ್ಯಾಬಿನೆಟ್’ ಕಾಲ. ನೇಮಕದ ತಿಂಗಳನ್ನು ಖಚಿತಪಡಿಸಿಕೊಳ್ಳಲು ಮೂಲ ಪ್ರಕಟಣೆಯನ್ನೇ ತೆರೆದೆ. ಸಂಪುಟದ ಸದಸ್ಯರ ಹೆಸರುಗಳೆಲ್ಲ ಮುಗಿದವು. ನಮ್ಮ ಸರ್ ಇರಲಿಲ್ಲ. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಕೆಲವು ಹೆಸರುಗಳು. ಎಲ್ಲಕ್ಕಿಂತ ಕೊನೆಯದು ಸರ್ ಅವರದು. ಮುಂದೆ ಒಕ್ಕಣೆ: ‘ಇವರೂ ಸಂಪುಟ ಸಭೆಗಳಿಗೆ ಹಾಜರಾಗುವರು.’

ಅಂದರೆ ಏನು? ಬ್ರಿಟನ್ನಿನಲ್ಲಿ ಸಂಪುಟದ ಪೂರ್ಣ ಸದಸ್ಯರು ಬೇರೆ, ಸಂಪುಟದ ಸಭೆಗೆ ಬಂದು ಕುಳಿತುಕೊಳ್ಳುವ ಸಚಿವರು ಬೇರೆ. ಎರಡನೆಯವರಿಗೆ ಕುರ್ಚಿ ಉಂಟು, ಸದಸ್ಯತ್ವ ಇಲ್ಲ.

ನಾನು ಸನ್ಮಾನಪತ್ರದಲ್ಲಿ ‘ಬ್ರಿಟನ್ನಿನ ಮಾಜಿ ಸಚಿವರು’ ಎಂದಷ್ಟೇ ಬರೆದೆ. ‘ಸಂಪುಟ ಸಭೆಗಳಿಗೆ ಹಾಜರಾಗುತ್ತಿದ್ದರು, ಸದಸ್ಯರಾಗಿರಲಿಲ್ಲ’ ಎಂದು ಅಡಿಟಿಪ್ಪಣಿ ಸೇರಿಸಿ ಜಯಕರನಿಗೆ ಕಳುಹಿಸಿದೆ. ಆತ ಅದನ್ನು ತೆರೆಯದೆಯೇ, ‘ಸೂಪರ್ ಮೇಡಂ’ ಎಂದು ಎರಡು ಕೈಜೋಡಿಸಿದ ಚಿತ್ರಗಳೊಂದಿಗೆ ಇಡೀ ಗುಂಪಿಗೆ ಫಾರ್ವರ್ಡ್ ಮಾಡಿದ. ನಮ್ಮವರು ಫಾರ್ವರ್ಡ್ ಮಾಡುವುದನ್ನು ಎಂದಾದರೂ ಓದಿದ್ದುಂಟೇ?

ಉಮೇಶ ಓದಿದ. ಬಳಗದ ಇತಿಹಾಸದಲ್ಲಿ ಅಡಿಟಿಪ್ಪಣಿ ಓದಿದ ಪ್ರಥಮ ಸದಸ್ಯ. ಗುಂಪಿನಲ್ಲಿ ಅವನ ಸಂದೇಶ ಬಿತ್ತು: ‘ಜಯಕರಣ್ಣ, ಕ್ಯಾಬಿನೆಟ್ ಮಂತ್ರಿ ಅಂದ್ರಿ. ಇವ್ರು ಬರೀ ಹಾಜರಿ ಹಾಕಿದವ್ರಂತೆ! ನಮ್ಮ ನಟನಾದ್ರೂ ಸಿನಿಮಾದ ಒಳಗೆ ಇದ್ದ.’

ಆ ಸಂಜೆಯೇ ಜಯಕರ ಬೆವರುತ್ತ ನಮ್ಮ ಫ್ಲಾಟಿಗೆ ಬಂದ. ಏಸಿಯ ನೇರಕ್ಕೆ ಕುಳಿತರೂ ಬೆವರು ನಿಲ್ಲಲಿಲ್ಲ.

‘ಎಂತ ಮಾಡಿದ್ರಿ ಮೇಡಂ! ಬ್ಯಾನರ್ ಪ್ರಿಂಟಿಗೆ ಹೋಗಿ ಆಗಿದೆ. ಕ್ಯಾಬಿನೆಟ್ ಅಂತ ಇಷ್ಟು ದೊಡ್ಡ ಅಕ್ಷರ!’

‘ದಾಖಲೆ ಹಾಗಿದೆ ಜಯಕರ.’

‘ದಾಖಲೆ ಇರ್ಲಿ. ಒಂದು ಹೇಳಿ. ಅವ್ರು ಆ ಮೀಟಿಂಗಿನ ಒಳಗೆ ಕೂತಿದ್ರಾ ಇಲ್ವಾ?’

‘ಕುಳಿತಿದ್ದರು.’

‘ಚಾ ಕೊಟ್ಟಿದ್ರಾ ಇಲ್ವಾ?’

‘ಕೊಟ್ಟಿರಬಹುದು. ಅದಕ್ಕೆ ದಾಖಲೆಯಿಲ್ಲ.’

‘ಕೂತಾಯ್ತು, ಚಾ ಕುಡಿದಾಯ್ತು. ಮಂತ್ರಿ ಆಗ್ಲಿಕ್ಕೆ ಮತ್ತೆಂತ ಬೇಕು ಮಾರಾಯ್ರೆ? ನಮ್ಮ ಕರ್ನಾಟಕದಲ್ಲಿ ನಿಗಮದ ಅಧ್ಯಕ್ಷರಿಗೂ ಕ್ಯಾಬಿನೆಟ್ ದರ್ಜೆ ಕೊಡ್ತಾರಲ್ಲ, ಒಂದು ದಿವಸ ಆದ್ರೂ ಒಳಗೆ ಕೂತಿದ್ದಾರಾ ಅವ್ರು?’

ಸಾಂವಿಧಾನಿಕ ಇತಿಹಾಸದ ದೊಡ್ಡ ವಿದ್ವಾಂಸರೂ ಚಹಾದ ಕೋನದಿಂದ ಈ ಪ್ರಶ್ನೆಯನ್ನು ನೋಡಿದಂತಿಲ್ಲ.

‘ಟಿಪ್ಪಣಿ ತೆಗೀತೀರಾ ಮೇಡಂ? ಇದು ನನ್ನ ಲಾಸ್ಟ್ ಚಾನ್ಸ್’ ಎಂದ. ಸ್ವರ ಸಣ್ಣದಾಗಿತ್ತು. ಅಲ್ಲಿಯವರೆಗೆ ನಗುತ್ತಿದ್ದ ನನ್ನ ಮಗಳು ಒಳಗಿನಿಂದ ಬಂದು ನನ್ನನ್ನೇ ನೋಡಿದಳು. ತೆಗೆಯುವುದಿಲ್ಲ, ಆದರೆ ವೇದಿಕೆಯಲ್ಲಿ ಓದುವಾಗ ಅಡಿಟಿಪ್ಪಣಿಯನ್ನು ಓದುವ ಪದ್ಧತಿ ಇಲ್ಲ ಎಂದೆ. ವಿದ್ವತ್ತಿಗೂ ಕರುಣೆಗೂ ನಡುವೆ ಇಷ್ಟೇ ಜಾಗವಿರುವುದು.

ಶುಕ್ರವಾರ ಬಂತು. ಸಾಲ್ಮಿಯಾದ ಶಾಲೆಯೊಂದರ ಸಭಾಂಗಣ. ಬ್ಯಾನರಿನಲ್ಲಿ ‘ಕ್ಯಾಬಿನೆಟ್’ ಎಂಬ ಪದದ ಮೇಲೆ, ಯಾರ ಸಲಹೆಯೋ, ಚೆಂಡುಹೂವಿನ ಮಾಲೆಯನ್ನು ಇಳಿಬಿಟ್ಟಿದ್ದರು. ‘ಬ್ರಿಟನ್ನಿನ ಮಾಜಿ’ ಎಂಬುದು ಕಾಣುತ್ತಿತ್ತು, ‘ಮಂತ್ರಿ’ ಎಂಬುದು ಕಾಣುತ್ತಿತ್ತು, ನಡುವೆ ಪರಿಮಳ.

ಮುಂದಿನ ಎರಡು ಸಾಲು ‘ವಿಶೇಷ ಆಹ್ವಾನಿತರು’. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬಳಗದಲ್ಲಿ ಯಾರಾದರೂ ಚುನಾವಣೆಯಲ್ಲಿ ಸೋತರೆ, ಮುನಿಸಿಕೊಂಡರೆ, ಬೇರೆ ಬಳಗ ಕಟ್ಟುತ್ತೇನೆಂದು ಹೆದರಿಸಿದರೆ, ಅವರನ್ನು ಕಾರ್ಯಕಾರಿ ಸಮಿತಿಗೆ ವಿಶೇಷ ಆಹ್ವಾನಿತರನ್ನಾಗಿ ಮಾಡುವುದು ವಾಡಿಕೆ. ಸಮಿತಿಯ ಸಭೆಗೆ ಬರಬಹುದು, ಮಾತಾಡಬಹುದು, ಗೋಳಿಬಜೆ ತಿನ್ನಬಹುದು. ತೀರ್ಮಾನಕ್ಕೆ ಕೈ ಎತ್ತುವಂತಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಮಾತ್ರ ಎಲ್ಲರಂತೆ ಇವರಿಗೂ ಮತವಿದೆ. ವರ್ಷಗಳು ಉರುಳಿದಂತೆ ಮುನಿಸುಗಳೂ ಹೆಚ್ಚಾಗಿ, ಈಗ ಸಮಿತಿಯ ಸದಸ್ಯರಿಗಿಂತ ವಿಶೇಷ ಆಹ್ವಾನಿತರೇ ಅಧಿಕ.

ಸರ್ ಬಂದರು. ಎತ್ತರದ, ಕೆಂಪು ಮುಖದ, ಯಾವಾಗಲೂ ಕ್ಷಮೆ ಕೇಳುವಂತೆ ನಗುವ ಮನುಷ್ಯ. ಶಾಲು ಹೊದಿಸಿದರು, ಹಾರ ಹಾಕಿದರು. ಬಳಗದ ಮೈಸೂರು ಪೇಟ ಒಂದೇ. ಹಿಂದೆಂದೋ ಬಂದ ಅತಿಥಿಯ ತಲೆಗೆ ಹೊಂದುವಂತೆ ಕಟ್ಟಿದ್ದು. ಅದು ಸರ್ ಅವರ ತಲೆಗೆ ಇಳಿಯದೆ ನೆತ್ತಿಯ ಮೇಲೆ ಗೂಡಿನಂತೆ ಕುಳಿತುಕೊಂಡಿತು. ಆಮೇಲೆ ಹಣ್ಣಿನ ಬುಟ್ಟಿ. ಸಮಿತಿಯ ಎಲ್ಲರೂ ಬುಟ್ಟಿಯನ್ನು ಮುಟ್ಟಿಕೊಂಡು ಕ್ಯಾಮೆರಾ ನೋಡುವುದು ಕ್ರಮವಾದ್ದರಿಂದ, ಬುಟ್ಟಿ ಸಿಗದ ಕೆಲವರು ಬುಟ್ಟಿ ಮುಟ್ಟಿದವರನ್ನು ಮುಟ್ಟಿಕೊಂಡರು.

ನಿರೂಪಣೆ ಲವೀನಾಳದು. ಜಯಕರನ ಕ್ಲಿನಿಕ್ಕಿನಲ್ಲೇ ನರ್ಸ್. ಸರ್ ಅವರ ಇಂಗ್ಲಿಷನ್ನು ಅವಳೇ ಕನ್ನಡಕ್ಕೆ ತರುತ್ತಿದ್ದಳು, ಸ್ವಂತ ಸೇರ್ಪಡೆಗಳೊಂದಿಗೆ.

ಸರ್ ಮೀನುಗಾರಿಕೆಯಿಂದ ಆರಂಭಿಸಿದರು. ಖಾತೆ ವಹಿಸಿಕೊಂಡ ಮೊದಲ ದಿನ ದೋಣಿ ಹತ್ತಿದರಂತೆ, ಎರಡನೆಯ ದಿನದಿಂದ ಕಚೇರಿಯಲ್ಲೇ ಕುಳಿತು ಕೆಲಸ ಮಾಡಿದರಂತೆ. ‘ಸರ್‌ಗೆ ದೋಣಿಯಲ್ಲಿ ವಾಂತಿ ಆಗಿದೆ’ ಎಂದು ಲವೀನಾ ವೈದ್ಯಕೀಯ ನಿಖರತೆಯಿಂದ ಅನುವಾದಿಸಿದಳು. ಕಡಲ ಮಕ್ಕಳ ಸಭೆ ಕನಿಕರದಿಂದ ಲೊಚಗುಟ್ಟಿತು. ರಸ್ತೆ ಖಾತೆಯಲ್ಲಿದ್ದಾಗ ಒಂದೇ ವೃತ್ತವನ್ನು ಎರಡು ಬಾರಿ ಉದ್ಘಾಟಿಸಿದ್ದರು. ಎರಡನೆಯ ಬಾರಿ ದಾರಿ ತಪ್ಪಿ ಅಲ್ಲಿಗೆ ಬಂದಿದ್ದರು, ಜನ ಸೇರಿದ್ದನ್ನು ಕಂಡು ರಿಬ್ಬನ್ ಕತ್ತರಿಸಿದರು. ಜೈಲು ಖಾತೆಯಲ್ಲಿದ್ದಾಗ ಜೈಲಿನ ಭೇಟಿಗೆ ಹೋಗಿ, ಗುರುತುಪತ್ರ ಕಾರಿನಲ್ಲೇ ಉಳಿದದ್ದರಿಂದ ಹೊರಗೆ ಬರುವುದು ತಡವಾಯಿತು. ಇದು ಸಿವಿಲ್ ಐಡಿ ಮನೆಯಲ್ಲಿ ಮರೆತು ಚೆಕಿಂಗಿನಲ್ಲಿ ಸಿಕ್ಕಿಬಿದ್ದ ಎಲ್ಲರ ಹೃದಯವನ್ನೂ ತಟ್ಟಿತು.

ಆಮೇಲೆ ಸಂಪುಟದ ವಿಷಯಕ್ಕೆ ಬಂದರು. ಜಯಕರ ನೀರಿನ ಬಾಟಲಿಯನ್ನು ಹಿಚುಕಿ ಹಿಡಿದಿದ್ದ. ಉಮೇಶ ಮುಂದಕ್ಕೆ ಬಾಗಿದ.

‘ನಾನು ನಿಜವಾದ ಸದಸ್ಯನಾಗಿರಲಿಲ್ಲ’ ಎಂದುಬಿಟ್ಟರು ಸರ್, ಯಾರೂ ಕೇಳದೆಯೇ. ‘ನನ್ನ ಕುರ್ಚಿ ಬಾಗಿಲ ಬಳಿ. ಮಾತು ಕೇಳಿಸುತ್ತಿರಲಿಲ್ಲ. ಮುಂದಿನವರು ತಲೆಯಾಡಿಸಿದರೆ ನಾನೂ ಆಡಿಸುತ್ತಿದ್ದೆ. ಒಂದು ದಿನ ಪ್ರಧಾನಿ ನನ್ನತ್ತ ನೋಡಿದರು. ನನ್ನ ಸಲಹೆ ಕೇಳುತ್ತಾರೆಂದು ಎದ್ದು ನಿಂತೆ. ಬಾಗಿಲು ಹಾಕಲು ಹೇಳಿದರು. ಚೆನ್ನಾಗಿಯೇ ಹಾಕಿದೆ.’

ಮುಂದಿನ ಎರಡು ಸಾಲುಗಳಿಂದ ಹೊರಟ ಚಪ್ಪಾಳೆಯನ್ನು ನಾನು ಇದುವರೆಗೆ ಯಾವ ಸಭೆಯಲ್ಲೂ ಕೇಳಿಲ್ಲ. ವಿಶೇಷ ಆಹ್ವಾನಿತರಲ್ಲಿ ಒಬ್ಬರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ‘ನಮ್ಮವ್ರೇ ಮಾರಾಯ್ರೆ ಇವ್ರು’ ಎಂದು ಪಕ್ಕದವರಿಗೆ ಹೇಳಿದ್ದು ಎರಡು ಸಾಲಿಗೂ ಕೇಳಿಸಿತು.

ನನಗೂ ಒಳಗೊಳಗೆ ಏನೋ ಆಯಿತು. ಮಗಳ ಅಡುಗೆಮನೆಯಲ್ಲಿ ನಾನು ಯಾರು? ಹಾಜರಾಗುತ್ತೇನೆ. ಸಾರಿಗೆ ಉಪ್ಪೆಷ್ಟು ಎಂಬಲ್ಲಿ ಮಾತಾಡಲೂ ಬಹುದು. ತೀರ್ಮಾನ ಅವಳದು. ಬೀಗರ ಮನೆಯ ಮದುವೆಯ ಮಾತುಕತೆಯಲ್ಲಿ, ಆಫೀಸಿನ ಮೀಟಿಂಗಿನಲ್ಲಿ, ಅಪಾರ್ಟ್‌ಮೆಂಟಿನ ನೀರಿನ ಚರ್ಚೆಯಲ್ಲಿ, ಅಷ್ಟೇಕೆ, ಇಕಾಮಾ ಎಂಬ ವಾಸದ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು ಈ ಮರಳುನಾಡಿನಲ್ಲಿ ಬಾಳುವ ನಾವೆಲ್ಲ ಯಾರು? ಗೆರೆಯ ಕೆಳಗಿನ ಹೆಸರುಗಳು. ಅದರಲ್ಲಿ ಅಂಥ ಅವಮಾನವೇನೂ ಇಲ್ಲ. ಬಾಗಿಲನ್ನು ಯಾರಾದರೂ ಹಾಕಲೇಬೇಕಲ್ಲ.

ಭಾಷಣ ಮುಗಿಸುವಾಗ ಸರ್ ಗಂಭೀರವಾದರು. ಕೊನೆಗೊಂದು ದಿನ ತತ್ತ್ವಕ್ಕಾಗಿ ರಾಜೀನಾಮೆ ಕೊಟ್ಟೆ ಎಂದರು. ಮತ್ತೆ ಚಪ್ಪಾಳೆ. ನನ್ನ ತೋರುಬೆರಳು ತಾನಾಗಿ ಮೇಲೆದ್ದಿತು. ದಾಖಲೆಯ ಪ್ರಕಾರ ಅವರನ್ನು ಕೈಬಿಡಲಾಗಿತ್ತು. ಜಯಕರ ವೇದಿಕೆಯಿಂದ ನನ್ನನ್ನು ನೋಡಿದ ನೋಟವಿದೆಯಲ್ಲ, ಹಲ್ಲು ಕೀಳಿಸಿಕೊಳ್ಳಲು ಕುಳಿತವನದು. ಬೆರಳನ್ನು ಕಿವಿಯೋಲೆಯ ಕಡೆಗೆ ತಿರುಗಿಸಿದೆ.

ಆದರೆ ಕಾಯಿಲೆ ಬಿಡಬೇಕಲ್ಲ? ಕಾರು ಬರುವವರೆಗೆ ಸರ್ ಪಕ್ಕದ ಕೋಣೆಯಲ್ಲಿ ಪೇಟ ಬಿಚ್ಚಿಟ್ಟು ಗೋಳಿಬಜೆ ತಿನ್ನುತ್ತಿದ್ದಾಗ ಮೆಲ್ಲನೆ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ‘ಮೇಡಂ, ರಾಜೀನಾಮೆ ಕೊಡುವುದೆಂದು ತೀರ್ಮಾನಿಸಿಯೇ ಪ್ರಧಾನಿಯ ಕೋಣೆಗೆ ಹೋಗಿದ್ದೆ. ಅವರು ನನಗಿಂತ ಮೊದಲು ಮಾತಾಡಿಬಿಟ್ಟರು’ ಎಂದರು. ಇನ್ನೊಂದು ಗೋಳಿಬಜೆ ತೆಗೆದುಕೊಂಡು, ‘ಇದರಲ್ಲಿ ಆಲೂಗಡ್ಡೆ ಇಲ್ಲವೇ?’ ಎಂದು ವಿಚಾರಿಸಿದರು. ಇಲ್ಲವೆಂದೆ. ಅದೊಂದು ಮಾತ್ರ ನಾನು ಆ ದಿನ ಆಕರವಿಲ್ಲದೆ ಹೇಳಿದ್ದು.

ಸರ್ ಹೊರಟ ಮೇಲೆ ಅಧ್ಯಕ್ಷರ ಆಯ್ಕೆಗೆ ಸರ್ವಸದಸ್ಯರ ಸಭೆ. ನಾನು ಬಳಗದ ಸದಸ್ಯೆಯಲ್ಲ, ಕಾರ್ಯದರ್ಶಿ ಬರೆಸಿಕೊಂಡ ಸನ್ಮಾನಪತ್ರದ ಕರ್ತೃ ಮಾತ್ರ. ಆದ್ದರಿಂದ ಎದ್ದು, ಸಭಾಂಗಣದ ಹಿಂಭಾಗದಲ್ಲಿ ಊಟಕ್ಕೆ ಸಾಲು ಹಿಡಿದೆ. ಕೋರಿ ರೊಟ್ಟಿಯ ಪರಿಮಳ ಬರುತ್ತಿದ್ದರೂ ಕಿವಿ ಪೂರ್ತಿ ವೇದಿಕೆಯ ಕಡೆಗಿತ್ತು.

ಮೈಕ್ ಹಿಡಿದ ಉಮೇಶ ಒಳ್ಳೆಯ ಮಾತುಗಾರ. ಗೆಲ್ಲುವ ಮಾತನ್ನೇ ಆರಂಭಿಸಿದ್ದ. ‘ನಾನು ಹೇಳಿದ್ದು ಸರಿಯೇ ಆಯ್ತಲ್ಲ? ಅವ್ರೇ ಒಪ್ಪಿದ್ರು. ಬಾಗಿಲ ಹತ್ರ ಕೂತವ್ರನ್ನು ತಂದು ಕ್ಯಾಬಿನೆಟ್ ಅಂತ ಬ್ಯಾನರ್ ಹಾಕೋದಾ? ಖಲಾಸ್! ನಮ್ಮಲ್ಲಿ ಈ ಸ್ಪೆಷಲ್ ಇನ್ವೈಟಿಗಳು ಇಲ್ವಾ, ಹಾಗೆಯೇ ಅದು. ಬರ್ತಾರೆ, ತಿಂತಾರೆ, ಹೋಗ್ತಾರೆ. ಲೆಕ್ಕಕ್ಕೆ ಉಂಟಾ ಅವ್ರು?’

ಉಮೇಶನಿಗೆ ತಾನೇನು ಹೇಳಿದೆನೆಂದು ಗೊತ್ತಾಗುವಾಗ ಮುಂದಿನ ಎರಡು ಸಾಲೂ ತಲೆಯೆತ್ತಿ ಅವನನ್ನೇ ನೋಡುತ್ತಿತ್ತು. ಕಣ್ಣೊರೆಸಿಕೊಂಡಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ಎದ್ದರು. ‘ಲೆಕ್ಕಕ್ಕೆ ಉಂಟಾ ಅಂತ ಕೇಳಿದ್ಯಲ್ಲ ತಮ್ಮ, ಈಗ ಲೆಕ್ಕ ಮಾಡು’ ಎಂದು ಜಯಕರನ ಪರವಾಗಿ ಕೈ ಎತ್ತಿದರು. ಪಕ್ಕದವರು ಎತ್ತಿದರು. ಎರಡು ಸಾಲು ಎತ್ತಿತು. ವರ್ಷಗಟ್ಟಲೆ ಸಮಿತಿಯ ಸಭೆಗಳಲ್ಲಿ ಎತ್ತದೆ ಉಳಿಸಿಟ್ಟ ಕೈಗಳು. ಒಮ್ಮೆ ಎತ್ತಿದವರು ಇಳಿಸಲು ಒಪ್ಪಲಿಲ್ಲ.

‘ಅಯ್ಯೋ ಅಣ್ಣ, ನಾನು ಹಾಗೆ ಹೇಳಿದ್ದಲ್ಲ! ಪ್ರೀತಿಯಲ್ಲಿ ಹೇಳಿದ್ದು!’ ಎಂದು ಉಮೇಶ ಕೂಗುತ್ತಿದ್ದ. ಹಿಂದಿನ ಸಾಲುಗಳಲ್ಲಿ ಅವನ ಪರ ಕೈ ಎತ್ತಿದವರೂ ಸಾಕಷ್ಟಿದ್ದರು. ಎಣಿಸಿದರು. ತಕರಾರಾಯಿತು. ಮತ್ತೆ ಎಣಿಸಿದರು. ಯಾರೋ ಎರಡು ಕೈಯನ್ನೂ ಎತ್ತಿದ್ದಾರೆಂದು ಗಲಾಟೆಯಾಯಿತು. ಲವೀನಾ ಮೈಕಿನಲ್ಲಿ, ‘ಪ್ಲೀಸ್, ಒಬ್ಬರಿಗೆ ಒಂದೇ ಕೈ’ ಎಂದು ಆರೋಗ್ಯಕರ ಸೂಚನೆ ಕೊಟ್ಟಳು. ಕೊನೆಗೆ ಜಯಕರ ಗೆದ್ದ. ಗೆದ್ದದ್ದು ಅವನಿಗೆ ತಿಳಿಯುವ ಮೊದಲೇ ವಿನೋದಾ ಬಂದು, ಸರ್ ಬಿಟ್ಟುಹೋಗಿದ್ದ ಹಾರವನ್ನೇ ಅವನ ಕೊರಳಿಗೆ ಹಾಕಿ, ಎಲ್ಲರೆದುರು ಅವನ ಕೆನ್ನೆ ಹಿಂಡಿದಳು. ಉಮೇಶ ಮೈಕನ್ನು ಮೇಜಿನ ಮೇಲೆ ಕುಕ್ಕಿ, ಊಟವನ್ನೂ ಮಾಡದೆ ಮಹಬೂಲಾದ ತನ್ನ ಮನೆಗೆ ಹೊರಟುಹೋದ. ಇದು ನಾನು ಕಣ್ಣಾರೆ ಕಂಡದ್ದು. ಹೋಗುವಾಗ ಅವನ ಭುಜ ನನ್ನ ತಟ್ಟೆಗೆ ತಾಗಿ ರೊಟ್ಟಿ ನೆಲಕ್ಕೆ ಬಿದ್ದದ್ದರಿಂದ ಸಂದೇಹಕ್ಕೆ ಆಸ್ಪದವಿಲ್ಲ.

ನಿನ್ನೆ ಹೊಸ ಅಧ್ಯಕ್ಷರ ಸಹಿಯೊಂದಿಗೆ ಸಭೆಯ ನಡಾವಳಿ ಗುಂಪಿನಲ್ಲಿ ಬಂದಿದೆ. ನನ್ನ ಮಗಳು ತೋರಿಸಿದಳು. ಚುನಾವಣೆಯ ಕುರಿತು ಒಂದೇ ವಾಕ್ಯ: ‘ಶ್ರೀ ಜಯಕರ ಅವರು ಸರ್ವಾನುಮತದಿಂದ ಆಯ್ಕೆಯಾದರು; ಸೂಚಿಸಿದವರು ಶ್ರೀ ಉಮೇಶ, ಅನುಮೋದಿಸಿದವರು ಈ ಅಂಕಣಕಾರ್ತಿ.’